ದೇವಿ ಇಲ್ಲದ ಹನ್ನೆರಡು ದಿನ

2024ರ ಶಿರಸಿ ಮಾರಿಕಾಂಬೆಯ ಜಾತ್ರೆಗೆ ನಾನು ಹೋಗಲಿಲ್ಲ. ನಮ್ಮ ಮನೆಯಿಂದ ಜಾತ್ರೆ ನಡೆಯುವ ಬಿಡಕಿಬೈಲಿಗೆ ನಡೆದರೆ ಹತ್ತೇ ನಿಮಿಷ. ಮಾರ್ಚ್ 19ರ ಮಂಗಳವಾರ ರಾತ್ರಿ ದೇವಿಯ ಕಲ್ಯಾಣ, ಮಾರನೇ ದಿನ ರಥ, ಆಮೇಲೆ ದೇವಿ ಗದ್ದುಗೆಯಲ್ಲಿ ಕೂತಷ್ಟು ದಿನವೂ ಜನ ಹಗಲು ರಾತ್ರಿ ನಮ್ಮ ಗೇಟಿನ ಮುಂದೆಯೇ ಹೋಗುತ್ತಿದ್ದರು, ಪೀಪಿ ಊದುವ ಮಕ್ಕಳ ಸದ್ದು ಆಯಿಯ, ಅಂದರೆ ನನ್ನ ಅಮ್ಮನ, ಕೋಣೆವರೆಗೂ ಬರುತ್ತಿತ್ತು. ಆಯಿಗೆ ಜ್ವರ. ಬಿಟ್ಟು ಹೋಗುವ ಹಾಗಿರಲಿಲ್ಲ.

ಆದರೆ ಜ್ವರ ಒಂದೇ ಕಾರಣ ಅಂದರೆ ಸುಳ್ಳಾಗುತ್ತದೆ. ನನಗೆ ದೇವಿಯ ಮೇಲೆ ಸಿಟ್ಟಿತ್ತು.

ಹಿಂದಿನ ಜಾತ್ರೆ 2022ರಲ್ಲಿ. ಆಯಿಗೆ ಮರೆವಿನ ಕಾಯಿಲೆ ಶುರುವಾಗಿತ್ತು. ಹಾಲು ಒಲೆ ಮೇಲಿಟ್ಟು ಮರೆಯುವುದು, ಹೇಳಿದ್ದನ್ನೇ ಹೇಳುವುದು, ಅಷ್ಟೇ ಇತ್ತು ಆಗ. ಗದ್ದುಗೆಯ ಮುಂದೆ ನಿಂತು ಕೇಳಿಕೊಂಡಿದ್ದೆ. ಬೇರೆಲ್ಲ ಮರೆತರೂ ಅಡ್ಡಿಲ್ಲ, ನನ್ನ ಗುರುತೊಂದು ಇರಲಿ ತಾಯಿ, ಮುಂದಿನ ಜಾತ್ರೆಗೆ ಆಯಿಯನ್ನೇ ಕರೆದುಕೊಂಡು ಬಂದು ಉಡಿ ತುಂಬುತ್ತೇನೆ ಅಂತ. ಎರಡು ವರ್ಷ ಕಳೆಯುವುದರೊಳಗೆ ಒಂದು ಬೆಳಿಗ್ಗೆ ತಲೆ ಬಾಚುತ್ತಿದ್ದಾಗ ಆಯಿ ನನ್ನ ಮುಖ ನೋಡಿ ಪ್ರೀತಿಯಿಂದಲೇ ಕೇಳಿದಳು, "ತಂಗೀ, ನೀ ಯಾರ ಮನೆ ಕೂಸೆ?"

ನಮ್ಮಲ್ಲಿ ಯಾವ ಹುಡುಗಿಯನ್ನಾದರೂ ತಂಗಿ ಅಂತಲೇ ಕರೆಯುವುದು. ಅದರಲ್ಲಿ ಪ್ರೀತಿ ಇದೆ. ಆದರೂ ಆ ದಿನ ಬಾಚಣಿಗೆ ಅಲ್ಲೇ ಇಟ್ಟು ಹಿತ್ತಿಲಿಗೆ ಹೋಗಿ ಅತ್ತೆ.

ಹರಕೆ ಈಡೇರಲಿಲ್ಲ, ಹಾಗಾದರೆ ಉಡಿ ತುಂಬಬೇಕಾ? ಗೊತ್ತಾಗಲಿಲ್ಲ. ಆದರೂ ಜಾತ್ರೆಗೆ ಮುಂಚೆಯೇ ಸಾಮಾನು ತಂದಿಟ್ಟಿದ್ದೆ. ಹಸಿರು ರವಿಕೆ ಕಣ, ಅಕ್ಕಿ, ಕಾಯಿ, ಎಲೆ ಅಡಿಕೆ, ಅರಿಶಿನ ಕುಂಕುಮ, ಉತ್ತತ್ತಿ, ಒಂದು ಡಜನ್ ಬಳೆ. ಎಲ್ಲ ಒಂದು ಬಟ್ಟೆ ಚೀಲದಲ್ಲಿ ಹಾಕಿ ಗೂಟಕ್ಕೆ ನೇತು ಹಾಕಿದ್ದೆ, ಅದು ಅಲ್ಲೇ ಇತ್ತು.

27ಕ್ಕೆ ಜಾತ್ರೆ ಮುಗಿಯಿತು. ಜಾತ್ರೆಗೆ ಬಂದು ಹೋಗುವ ಹೊರಗಿನವರಿಗೆ ಇದರ ಮುಂದಿನದು ಅಷ್ಟು ಗೊತ್ತಿರುವುದಿಲ್ಲ. ನಮ್ಮ ದೇವಿಯ ಮೂರ್ತಿ ಮರದ್ದು. ಏಳಡಿ ಎತ್ತರ, ಎಂಟು ಕೈ, ನೋಡಿದರೆ ಎದೆ ಝಲ್ಲೆನ್ನುವ ಕೆಂಪು ಮುಖ. ಒಂಬತ್ತು ದಿನ ಸೀರೆ, ಬಂಗಾರ, ಹೂವಿನಲ್ಲಿ ಮೆರೆದವಳು ಗದ್ದುಗೆಯಿಂದ ಏಳುತ್ತಾಳೆ, ಮಾತಂಗಿ ಚಪ್ಪರಕ್ಕೆ ಬೆಂಕಿ ಬೀಳುತ್ತದೆ, ಆಮೇಲೆ ಆ ಮೂರ್ತಿಯನ್ನು ಬಿಡಿಬಿಡಿಯಾಗಿ ಬಿಚ್ಚುತ್ತಾರೆ. ಯುಗಾದಿಯವರೆಗೆ ಗುಡಿ ಬಾಗಿಲು ಹಾಕಿರುತ್ತದೆ. 1688ರಲ್ಲಿ ಪ್ರತಿಷ್ಠೆಯಾದ ದೇವಿ ಅಂತಾರೆ. ಅಷ್ಟು ಹಳೆಯ, ಅಷ್ಟು ಶಕ್ತಿಯ ತಾಯಿ, ಅವಳೂ ಎರಡು ವರ್ಷಕ್ಕೊಮ್ಮೆ ಹೀಗೆ ತುಂಡು ತುಂಡಾಗಿ ಮಲಗುತ್ತಾಳೆ. ಚಿಕ್ಕಂದಿನಿಂದ ಕೇಳಿದ್ದೆ, ಆದರೆ ಅದರ ಬಗ್ಗೆ ಒಂದು ದಿನವೂ ಕೂತು ಯೋಚಿಸಿರಲಿಲ್ಲ.

ಆ ವರ್ಷ ಯುಗಾದಿ ಏಪ್ರಿಲ್ 9ಕ್ಕೆ. ನಡುವೆ ಹನ್ನೆರಡು ದಿನ.

ಮೂರನೇ ದಿನವೋ ನಾಲ್ಕನೇ ದಿನವೋ ಔಷಧಿ ತರೋಕೆ ಹೋದವಳು ಸುಮ್ನೆ ಗುಡಿ ಕಡೆ ತಿರುಗಿದೆ. ಬಾಗಿಲು ಹಾಕಿತ್ತು. ಹಾವೇರಿ ಕಡೆಯವಳಿರಬೇಕು, ಎರಡು ಮಕ್ಕಳ ಕೈ ಹಿಡಿದ ಒಬ್ಬಳು ಅಲ್ಲಿದ್ದವರನ್ನು "ದೇವ್ರು ಇಲ್ಲೇನ್ರೀ?" ಅಂತ ಕೇಳಿದಳು. ಯುಗಾದಿಗೆ ಬರ್ತಾಳೆ ಅಂದರು. ಅವಳಿಗೆ ಬೇಸರವೂ ಆದ ಹಾಗೆ ಕಾಣಲಿಲ್ಲ. ಚಪ್ಪಲಿ ಬಿಟ್ಟು ಮುಚ್ಚಿದ ಬಾಗಿಲಿಗೇ ಹಣೆ ಹಚ್ಚಿದಳು, ಮಕ್ಕಳ ಕೈಯಲ್ಲೂ ಮುಗಿಸಿದಳು, ಆಮೇಲೆ ಬಸ್ಸು ಹೋಗುತ್ತದೆ ಅಂತ ಅವಸರ ಮಾಡಿಕೊಂಡು ಹೊರಟಳು.

ನಾನು ಮಾತ್ರ ಅಲ್ಲೇ ನಿಂತಿದ್ದೆ. ದೇವಿ ಈಗ ಬಿಡಿಬಿಡಿಯಾಗಿದ್ದಾಳೆ, ಕೈ ಒಂದು ಕಡೆ, ಮುಖ ಒಂದು ಕಡೆ. ಆದರೂ ದೇವಿ ಇಲ್ಲ ಅಂತ ಊರಲ್ಲಿ ಯಾರೂ ಅನ್ನುವುದಿಲ್ಲ. ಬರ್ತಾಳೆ ಅಂತಾರೆ, ಅಷ್ಟೇ. ನಾನು ಎರಡು ವರ್ಷದಿಂದ ಮನೆಯಲ್ಲಿ ಆಯಿ ಇಲ್ಲ ಅಂದುಕೊಂಡೇ ಆಯಿಗೆ ಸ್ನಾನ ಮಾಡಿಸುತ್ತಿದ್ದೆ ಅಲ್ವಾ ಅನ್ನಿಸಿತು. ಆಯಿಯ ಮೈ ಬೇರೆ, ಆಯಿ ಬೇರೆ ಅನ್ನೋ ಹಾಗೆ. ದೇವಿಯಾದರೆ ಯುಗಾದಿಗೆ ಬರುತ್ತಾಳೆ. ಆಯಿಗೆ ಯಾವ ಯುಗಾದಿಯೂ ಇಲ್ಲ, ಡಾಕ್ಟರು ಹೇಳಿದ್ದಾರೆ, ಅದು ನನಗೂ ಗೊತ್ತು. ಮನುಷ್ಯರು ಬಿಚ್ಚಿಕೊಂಡರೆ ಮತ್ತೆ ಜೋಡಿಸೋಕೆ ಬರುವುದಿಲ್ಲ. ಯಾಕೆ ಹೀಗೆ ಅಂತ ಬಾಗಿಲನ್ನು ಕೇಳಿದೆ. ಉತ್ತರ ಬರಲಿಲ್ಲ. ಆದರೆ ಕೇಳಿದ ಮೇಲೆ ಸಿಟ್ಟು ಸ್ವಲ್ಪ ಇಳಿದಿತ್ತು, ಅದು ನಿಜ.

ಹಿಂದೆ ಒಂದು ಧ್ಯಾನ ಶಿಬಿರಕ್ಕೆ ಹೋಗಿದ್ದೆ. ಈ ಗಳಿಗೆಯಲ್ಲಿ ಇರಿ, ಉಸಿರಿನ ಮೇಲೆ ಗಮನ ಇಡಿ ಅಂದಿದ್ದರು. ಐದು ನಿಮಿಷವೂ ಆಗುತ್ತಿರಲಿಲ್ಲ ನನಗೆ. ಈಗ ಆಯಿಗೆ ತೆಳ್ಳೇವು, ಅಂದರೆ ತೆಳು ದೋಸೆ, ತಿನ್ನಿಸುವಾಗ ಗಮನ ತಾನಾಗೇ ನಿಲ್ಲುತ್ತದೆ, ಯಾಕಂದ್ರೆ ಬೇರೆ ದಾರಿಯೇ ಇಲ್ಲ. ಚಿಕ್ಕದಾಗಿ ಹರಿದು, ಬೆಲ್ಲದ ನೀರಲ್ಲಿ ಅದ್ದಿ ಬಾಯಿಗಿಟ್ಟರೆ ಅಗಿಯುವುದನ್ನು ಮರೆತು ಸುಮ್ಮನೆ ಕೂತುಬಿಡುತ್ತಾಳೆ. ಗಲ್ಲ ಸವರಬೇಕು. ಅಗಿಯುತ್ತಾಳೆ. ಆಮೇಲೆ ಗಂಟಲನ್ನೇ ನೋಡುತ್ತಾ ಇರಬೇಕು, ತುತ್ತು ಇಳಿದದ್ದು ಕಂಡ ಮೇಲೆಯೇ ಮುಂದಿನ ಚೂರು. ಫೋನ್ ನೋಡುವ ಹಾಗಿಲ್ಲ, ನಾಳೆಯ ಲೆಕ್ಕ ಹಾಕುವ ಹಾಗಿಲ್ಲ. ಒಂದು ತೆಳ್ಳೇವಿಗೆ ಅರ್ಧ ಗಂಟೆ. ಮುಂಚೆ ಇದು ಯಾವಾಗ ಮುಗಿಯುತ್ತದೋ ಅಂತಿದ್ದೆ. ಗುಡಿಯಿಂದ ಬಂದ ಮೇಲೆ ಹಾಗನ್ನಿಸಿದ್ದು ಕಮ್ಮಿ.

ಯುಗಾದಿಗೆ ಇನ್ನು ಎರಡು ದಿನ ಇತ್ತು. ಮಧ್ಯಾಹ್ನ ಬಟ್ಟೆ ಒಣ ಹಾಕಿ ಒಳಗೆ ಬಂದರೆ ಆಯಿ ಗೂಟದ ಚೀಲ ಇಳಿಸಿ ಎಲ್ಲವನ್ನೂ ನೆಲದ ಮೇಲೆ ಹರವಿಕೊಂಡು ಕೂತಿದ್ದಳು. ದೇವಿಗೆ ಅಂತ ಇಟ್ಟದ್ದು. ಬೇಡ ಆಯಿ ಅನ್ನುವಷ್ಟರಲ್ಲಿ ಅವಳೇ ತಲೆ ಎತ್ತಿ, "ಹೊರಟ್ಯನೇ ತಂಗೀ? ಬರಿ ಉಡಿಯಲ್ಲಿ ಹೋಗಬಾರದು, ಕೂರು" ಅಂದಳು. ನಾನು ಯಾರೋ ಗಂಡನ ಮನೆಗೆ ಹೊರಟ ಹುಡುಗಿ ಅಂದುಕೊಂಡಿರಬೇಕು. ಕೂತೆ. ಸೆರಗು ಹಿಡಿ ಅಂದಳು. ಚೂಡಿದಾರದ ವೇಲನ್ನೇ ಹಿಡಿದೆ.

ಕೈ ನಡುಗುತ್ತಿತ್ತು. ಆದರೆ ಒಂದೂ ತಪ್ಪಲಿಲ್ಲ. ಮೊದಲು ಅರಿಶಿನ, ಆಮೇಲೆ ಕುಂಕುಮ. ಕಣ ಮಡಚಿ ಇಟ್ಟಳು, ಕಾಯಿಯ ಜುಟ್ಟು ನನ್ನ ಕಡೆ ತಿರುಗಿಸಿದಳು, ಎಲೆ ಅಡಿಕೆ, ಉತ್ತತ್ತಿ, ಬಳೆ. ಬೊಗಸೆಯಲ್ಲಿ ಅಕ್ಕಿ ತುಂಬಿ ಐದು ಸಲ ಹಾಕಿದಳು, ಬೆರಳಿನ ಸಂದಿಯಲ್ಲಿ ಉದುರಿದ ಕಾಳನ್ನು ಒಂದೊಂದೇ ಆರಿಸಿ ಅದನ್ನೂ ಉಡಿಗೇ ಹಾಕಿದಳು. ಕೊನೆಗೆ ನನ್ನ ತಲೆ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದಳು. ಹೆಸರು ಕರೆಯಲಿಲ್ಲ. ನನಗೂ ಅದು ಬೇಕು ಅನ್ನಿಸಲಿಲ್ಲ.

ದೇವಿಯ ಹರಕೆಯ ಉಡಿ ನನಗೆ ಬಿತ್ತು. ಸರಿಯೋ ತಪ್ಪೋ ಅಂತ ಯಾರನ್ನೂ ಕೇಳಲಿಲ್ಲ. ಯುಗಾದಿ ಕಳೆದು ದೇವಿ ಮತ್ತೆ ಗುಡಿಯಲ್ಲಿ ನಿಂತ ಮೇಲೆ ಬೇರೆ ಕಣ, ಬೇರೆ ಕಾಯಿ ತಗೊಂಡು ಹೋಗಿ ಉಡಿ ಕೊಟ್ಟು ಬಂದೆ. ಆ ಸಲ ಏನೂ ಕೇಳಿಕೊಳ್ಳಲಿಲ್ಲ. ಎಂಟೂ ಕೈಗಳನ್ನು ಒಂದೊಂದಾಗಿ ನೋಡಿದೆ, ಅಷ್ಟರಲ್ಲಿ ಹಿಂದಿನವರು ಮುಂದೆ ಹೋಗಿ ಅಂದರು.

ನನ್ನ ಉಡಿಯ ಅಕ್ಕಿಯಲ್ಲಿ ಪಾಯಸ ಮಾಡಿದೆ, ಉಡಿ ಅಕ್ಕಿಯನ್ನು ಹಾಗೇ ಇಡಬಾರದು. ಮೊದಲ ಚಮಚ ಆಯಿಗೆ. ಗಲ್ಲ ಸವರಿದೆ, ನುಂಗಿದಳು, ಸ್ವಲ್ಪ ಯೋಚಿಸಿದಳು.

"ಬೆಲ್ಲ ಕಮ್ಮಿ ಆತು" ಅಂದಳು. ಎದ್ದು ಹೋಗಿ ಬೆಲ್ಲ ತಂದೆ.