ಬಾಗಿಲ ಬಳಿ ಕೂತ ಮಗು

ಗುರುವಾರ, 20 ನವೆಂಬರ್ 2025
ಹಾಸ್ಟೆಲ್, ರಾತ್ರಿ ಹತ್ತೂವರೆ

ಇಂದು ಒಬ್ಬ ತಾಯಿ ನನ್ನ ಒಂದು ಮಾತಿನಿಂದಾಗಿ ಅರ್ಧ ದಿನದ ಸಂಬಳ ಕಳೆದುಕೊಂಡರು. ಬೇರೆ ಏನನ್ನಾದರೂ ಬರೆಯುವ ಮೊದಲು ಇದನ್ನು ಬರೆದಿಡಬೇಕು.

ಬೆಂಗಳೂರಿನ ಲಗ್ಗೆರೆ ಕಡೆಯ ಆ ಅಂಗನವಾಡಿಗೆ ನಾನು ಹೋಗಿಬರುತ್ತಿರುವುದು ಇದು ಮೂರನೆಯ ವಾರ. ಮಕ್ಕಳ ಕುರಿತ ನನ್ನ ಡಿಗ್ರಿಯ ಐದನೆಯ ಸೆಮಿಸ್ಟರಿನ ರೆಕಾರ್ಡಿಗಾಗಿ ಒಂದೇ ಮಗುವನ್ನು ಆರು ದಿನ, ದಿನಕ್ಕೆ ಹತ್ತು ಸಲ, ಸಲಕ್ಕೆ ಒಂದು ನಿಮಿಷದಂತೆ ಗಮನಿಸಿ, ಆ ನಿಮಿಷದಲ್ಲಿ ಅದು ಆಡುತ್ತಿದ್ದ ಆಟ ಯಾವ ಬಗೆಯದು ಎಂದು ಹಾಳೆಯಲ್ಲಿ ಗುರುತು ಹಾಕಬೇಕು. ಮಕ್ಕಳ ಹೆಸರು ಬರೆಯುವಂತಿಲ್ಲ. ಹಾಗಾಗಿ ನನ್ನ ಪುಟಗಳಲ್ಲಿ ಅವಳು ‘ಕ’. ವಯಸ್ಸು ಮೂರು ವರ್ಷ ಎಂಟು ತಿಂಗಳು. ಯುಗಾದಿ ಕಳೆದ ಮೇಲೆ ರಾಯಚೂರಿನ ಕಡೆಯಿಂದ ಬಂದ ಸಂಸಾರ. ತಂದೆಯದು ಗಾರೆ ಕೆಲಸ, ತಾಯಿ ಗಾರ್ಮೆಂಟ್ಸಿಗೆ ಹೋಗುತ್ತಾರೆ, ಒಂದೂವರೆ ವರ್ಷದ ತಮ್ಮನನ್ನು ಅಜ್ಜಿ ನೋಡಿಕೊಳ್ಳುತ್ತಾರೆ.

ನಾವು ಬಳಸುವ ವರ್ಗೀಕರಣ ಮಿಲ್ಡ್ರೆಡ್ ಪಾರ್ಟನ್ ಅವರದು. ಅಮೆರಿಕದ ಮಿನೆಸೋಟದ ಒಂದು ನರ್ಸರಿ ಶಾಲೆಯ ಮಕ್ಕಳನ್ನು ಹೀಗೆಯೇ ನಿಮಿಷ ನಿಮಿಷವಾಗಿ ನೋಡಿ ಅವರು 1932ರಲ್ಲಿ ಪ್ರಕಟಿಸಿದ ಆರು ಬಗೆಗಳು ಇಂದಿಗೂ ನಮ್ಮ ಹಾಳೆಯ ಆರು ಕಾಲಂಗಳಾಗಿವೆ. ಯಾವುದರಲ್ಲೂ ತೊಡಗದ ಮಗು ಮೊದಲನೆಯದು, ಇತರರ ಆಟವನ್ನು ನೋಡುತ್ತಾ ನಿಲ್ಲುವ ಮಗು ಎರಡನೆಯದು, ಆಮೇಲೆ ಒಂಟಿ ಆಟ, ಪಕ್ಕಪಕ್ಕದಲ್ಲೇ ಕೂತರೂ ತಮ್ಮ ತಮ್ಮ ಪಾಡಿಗೆ ಆಡುವ ಸಮಾಂತರ ಆಟ, ಹೀಗೆ ಏರುತ್ತಾ ಹೋಗಿ ಕೊನೆಗೆ ಎಲ್ಲರೂ ಕೂಡಿ ಪಾತ್ರ ಹಂಚಿಕೊಂಡು ಆಡುವ ಸಹಕಾರಿ ಆಟ. ‘ಕ’ಳ ಅರವತ್ತು ನಿಮಿಷಗಳಲ್ಲಿ ನಲವತ್ತೊಂದು ಮೊದಲ ಎರಡು ಕಾಲಂಗಳಲ್ಲೇ ನಿಂತಿವೆ. ಅದರಲ್ಲೂ ಇಪ್ಪತ್ತೊಂಬತ್ತು ಮೊದಲನೆಯದರಲ್ಲಿ. ಅವಳು ಬಾಗಿಲ ಬಳಿಯ ಚಾಪೆಯ ಅಂಚಿನಲ್ಲಿ ಕೂತು, ಲಂಗದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ಯಾರೊಡನೆಯೂ ಮಾತಾಡದೆ ಹೊತ್ತು ಕಳೆಯುತ್ತಿದ್ದಳು. ಬೆಳಿಗ್ಗೆಯ ಹಾಲನ್ನೂ ಅಲ್ಲಿಯೇ ಕುಡಿಯುತ್ತಿದ್ದಳು.

ನೋಡಿದ್ದು ಒಂದು ಕಡೆ, ನೋಡಿದ್ದರ ಅರ್ಥ ಇನ್ನೊಂದು ಕಡೆ ಇರಬೇಕೆಂದು ನಮ್ಮ ಮೇಡಂ ಮೊದಲ ವರ್ಷದಿಂದಲೂ ಹೇಳುತ್ತಾ ಬಂದಿದ್ದಾರೆ. ಹಾಳೆಯಲ್ಲಿ ನಾನು ಅದನ್ನು ಪಾಲಿಸಿದ್ದೇನೆ, ಬಾಯಲ್ಲಿ ಪಾಲಿಸಲಿಲ್ಲ. ಮಂಗಳವಾರ ಅಂಗನವಾಡಿಯ ಟೀಚರ್ “ನಮ್ಮ ಹುಡುಗಿ ಹೇಗಿದ್ದಾಳೆ?” ಎಂದು ಸಹಜವಾಗಿ ಕೇಳಿದಾಗ, “ಬೇರೆ ಮಕ್ಕಳ ಜೊತೆ ಸೇರುವುದರಲ್ಲಿ ಸ್ವಲ್ಪ ಹಿಂದಿದ್ದಾಳೆ ಅನ್ನಿಸುತ್ತೆ” ಎಂದುಬಿಟ್ಟೆ. ಆ ಮಾತು ಅಂದೇ ಸಂಜೆ ಅಜ್ಜಿಯ ಕಿವಿಗೆ ಬಿದ್ದು, ರಾತ್ರಿ ತಾಯಿಯನ್ನು ಮುಟ್ಟಿ, ಎರಡು ದಿನ ಆ ಮನೆಯಲ್ಲಿ ಏನೇನಾಯಿತೋ, ಇಂದು ಮಧ್ಯಾಹ್ನ ಮಕ್ಕಳು ಊಟ ಮುಗಿಸಿ ಮಲಗಿದ್ದ ಹೊತ್ತಿನಲ್ಲಿ ಅವರೇ ಬಂದು ಎದುರಿಗೆ ನಿಂತರು. ಕಾರ್ಖಾನೆಯ ಗುರುತಿನ ಚೀಟಿ ಇನ್ನೂ ಕೊರಳಲ್ಲೇ ಇತ್ತು.

“ಅಕ್ಕೋರ, ನನ್ನ ಮಗಳಿಗೆ ಏನಾಗ್ಯದ್ರೀ? ನೀವು ಏನೋ ಬರಕೊಂಡೀರಂತ. ತಲಿಯಾಗ ಏನರ ಕಡಿಮಿ ಅದೇನ್ರೀ?”

ನನಗಿಂತ ಅವರು ಐದಾರು ವರ್ಷ ದೊಡ್ಡವರಿರಬಹುದು, ಅಷ್ಟೇ. ನನ್ನನ್ನು ‘ಅಕ್ಕೋರು’ ಎಂದು ಕರೆದು, ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಹಾಗೇನೂ ಇಲ್ಲ ಅಕ್ಕಾ, ನಾನು ಇನ್ನೂ ಕಲಿಯುತ್ತಿರುವವಳು, ನನ್ನ ಮಾತು ಡಾಕ್ಟರ ಮಾತಲ್ಲ, ಹಾಗೆ ಹೇಳಿದ್ದು ನನ್ನದೇ ತಪ್ಪು ಎಂದೆ. ಹೇಳುವಾಗ ನನ್ನ ದನಿ ನಡುಗಿತು. ಅವರು ನಂಬಲಿಲ್ಲ. ಆಮೇಲೆ, ಮಗಳ ಪರವಾಗಿ ಸಾಕ್ಷಿ ನುಡಿಯುವವರಂತೆ, ಅವರೇ ಹೇಳತೊಡಗಿದರು.

“ಮನ್ಯಾಗ ಒಂದ್ ಕ್ಷಣ ಬಾಯಿ ಮುಚ್ಚಂಗಿಲ್ರೀ ಆಕಿ. ಸ್ಟೀಲ್ ಲೋಟ ಎಲ್ಲಾ ಸಾಲಿಗೆ ಇಡ್ತಾಳ. ಒಂದೊಂದಕ್ಕ ಒಂದೊಂದ್ ಹೆಸರು, ಎಲ್ಲಾ ಇಲ್ಲಿ ಹುಡುಗ್ರವೇ. ಅದರಾಗ ಒಂದು ಅಳತದಂತ, ಅದನ್ನ ತೊಡಿ ಮ್ಯಾಲೆ ಇಟ್ಕೊಂಡು ಸುಮ್ಮ ಮಾಡ್ತಾಳ. ನಾ ತಮ್ಮಗ ‘ಬಾ ಇಲ್ಲಿ’ ಅಂದ್ರ, ‘ಹಂಗಲ್ಲವ್ವ, ಬನ್ನಿ ಅನ್ನಬೇಕು’ ಅಂತ ನನಗೇ ಹೇಳ್ತಾಳ್ರೀ. ಒಂದ್ ಲೋಟ ಮಾತ್ರ ಬಾಗಿಲ ಹತ್ರ ಬ್ಯಾರೆ ಇಡ್ತಾಳ. ಅದು ಬರಿಯೋ ಅಕ್ಕೋರಂತ.”

ನಾನೂ ಬಾಗಿಲ ಬಳಿಯೇ ಕೂರುತ್ತಿದ್ದೆ, ಅವಳಿಂದ ನಾಲ್ಕು ಮಾರು ದೂರದಲ್ಲಿ. ಅವಳೂ ನನ್ನನ್ನು ಗಮನಿಸುತ್ತಿದ್ದಾಳೆಂದು ಆರು ದಿನವೂ ನನಗೆ ಹೊಳೆದಿರಲಿಲ್ಲ.

ತಾಯಿ ಹೋದ ಮೇಲೆ ಬೋಗುಣಿ ತೊಳೆಯುತ್ತಿದ್ದ ಆಯಮ್ಮ ತಲೆ ಎತ್ತದೆಯೇ ಹೇಳಿದರು: “ಅದು ಸುಮ್ನೆ ಕುಂತಿಲ್ಲ ಕಣವ್ವಾ. ಎಲ್ಲಾ ನೋಡ್ಕಂತಾ ಐತೆ. ನೀನು ಕೇಳಿದ್ರೆ ನಾನೇ ಹೇಳ್ತಿದ್ದೆ.” ಆ ಕೊನೆಯ ಮಾತು ಸಂಜೆಯಿಂದಲೂ ಕಿವಿಯಲ್ಲಿದೆ. ಮಕ್ಕಳ ಮೂಗು ಒರೆಸಿ, ಊಟ ಬಡಿಸಿ, ಅವರನ್ನು ಮಲಗಿಸಿ ಏಳಿಸುವವರು ಅವರು. ನಾನು ಅವರನ್ನು ಕೇಳಿದ್ದು ಒಂದೇ, ಕುಡಿಯುವ ನೀರು ಎಲ್ಲಿದೆ ಎಂದು.

ಬಸ್ಸಿನಲ್ಲಿ ಸೀಟು ಸಿಕ್ಕಿದ ಕೂಡಲೇ ಹಾಳೆ ತೆಗೆದು ನೋಡಿದೆ. ಮೂರನೆಯ ದಿನದ ಏಳನೆಯ ನಿಮಿಷ: ಹೊಸದಾಗಿ ಸೇರಿದ ಹುಡುಗ ಅಳುತ್ತಿದ್ದಾನೆ, ಆಯಮ್ಮ ತೊಡೆಯ ಮೇಲೆ ಕೂರಿಸಿಕೊಂಡು ಸಮಾಧಾನ ಮಾಡುತ್ತಿದ್ದಾರೆ, ‘ಕ’ ಅತ್ತ ಮುಖ ಮಾಡಿ ಕೂತಿದ್ದಾಳೆ. ನಾನು ಹಾಕಿದ ಗುರುತು ಮೊದಲ ಕಾಲಂನಲ್ಲಿದೆ. ಲೋಟವನ್ನು ತೊಡೆಯ ಮೇಲಿಟ್ಟುಕೊಳ್ಳುವುದನ್ನು ಅವಳು ಕಲಿತದ್ದು ಆ ನಿಮಿಷದಲ್ಲೇ ಇರಬಹುದು. ನಾನೇಕೆ ಅದನ್ನು ಎರಡನೆಯ ಕಾಲಂನಲ್ಲಿ ಹಾಕಲಿಲ್ಲ ಎಂದು ಯೋಚಿಸಿದೆ. ಪಾರ್ಟನ್ ಅವರ ವಿವರಣೆಯಲ್ಲಿ, ನೋಡುವ ಮಗು ಆಡುವವರೊಡನೆ ಆಗಾಗ ಮಾತಾಡುತ್ತದೆ, ಪ್ರಶ್ನೆ ಕೇಳುತ್ತದೆ, ಸಲಹೆ ಕೊಡುತ್ತದೆ, ಆಟಕ್ಕೆ ಮಾತ್ರ ಇಳಿಯುವುದಿಲ್ಲ. ‘ಕ’ ಮಾತಾಡುತ್ತಿರಲಿಲ್ಲ, ಆದ್ದರಿಂದ ನಾನು ಅವಳನ್ನು ಒಂದು ಮೆಟ್ಟಿಲು ಕೆಳಗಿಳಿಸಿದೆ. ಆದರೆ ಅವಳು ಮಾತಾಡುವುದಾದರೂ ಹೇಗೆ? ಮನೆಯಲ್ಲಿ ‘ಅದ’ ಎನ್ನುವ ಮಗು ಇಲ್ಲಿ ‘ಇದೆ’ ಎನ್ನುವವರ, ‘ಐತೆ’ ಎನ್ನುವವರ, ತಮಿಳು ತೆಲುಗು ಬೆರೆಸಿ ಆಡುವವರ ನಡುವೆ ಬಂದು ಕೂತಿದೆ. ಅದೂ ಕನ್ನಡ, ಇದೂ ಕನ್ನಡ ಎಂದು ನಾವು ದೊಡ್ಡವರು ಹೇಳಬಹುದು. ಮೂರೂವರೆ ವರ್ಷದ ಕಿವಿಗೆ ಅದು ಬೇರೆ ಊರು, ಬೇರೆ ರಾಗ. ಮಿನೆಸೋಟದ ಆ ಶಾಲೆಯನ್ನು ನೋಡಿ ಮಾಡಿದ ಕಾಲಂಗಳಲ್ಲಿ ಈ ಮಗುವಿನ ಮೌನಕ್ಕೆ ಜಾಗವಿಲ್ಲ. ಕಾಲಂ ಮಾಡಿದವರನ್ನು ನಾನು ದೂರುತ್ತಿಲ್ಲ. ಅವರು ತಮ್ಮ ಎದುರಿಗಿದ್ದ ಮಕ್ಕಳನ್ನು ನಿಷ್ಠೆಯಿಂದ ನೋಡಿದರು. ನಾನು ನನ್ನ ಎದುರಿಗಿದ್ದ ಮಗುವನ್ನು ಹಾಗೆ ನೋಡಲಿಲ್ಲ.

ಹೋದ ಸೆಮಿಸ್ಟರಿನಲ್ಲಿ ಮನೋವಿಜ್ಞಾನಿ ಬಾರ್ಬರಾ ರೋಗಾಫ್ ಅವರ ಅಧ್ಯಯನಗಳನ್ನು ಓದಿ ಉತ್ತರ ಬರೆದಿದ್ದೆ, ಅಂಕವೂ ಬಂದಿತ್ತು. ಗ್ವಾಟೆಮಾಲಾದ ಮಾಯನ್ ಸಮುದಾಯದಲ್ಲಿ ಮಕ್ಕಳು ದೊಡ್ಡವರ ಕೆಲಸಗಳ ನಡುವೆಯೇ ಇದ್ದು, ಕಣ್ಣಿಟ್ಟು ನೋಡಿ, ಸಮಯ ಬಂದಾಗ ಕೈಜೋಡಿಸಿ ಕಲಿಯುತ್ತಾರೆ, ಅಲ್ಲಿ ನೋಡುವುದು ಕಲಿಕೆಯ ಒಂದು ದಾರಿ ಎಂದು ಎರಡು ಪುಟ ಬರೆದೆ. ನಮ್ಮ ಅಜ್ಜಿಯ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ರೊಟ್ಟಿ ತಟ್ಟುವುದನ್ನು ನಾನು ಕಲಿತದ್ದೂ ಹಾಗೆಯೇ. ಪರೀಕ್ಷೆಯಲ್ಲಿ ಬರೆದದ್ದು ಚಾಪೆಯ ಅಂಚಿನಲ್ಲಿ ಕೂತಿದ್ದ ಮಗುವಿನ ತನಕ ಏಕೆ ಬರಲಿಲ್ಲ?

ರೂಮ್‌ಮೇಟ್ ಬಸವನಗುಡಿಯ ಪರಿಷೆಯಿಂದ ತಂದ ಕಡಲೆಕಾಯಿ ಬೇಯಿಸಿ ಕೊಟ್ಟಿದ್ದಾಳೆ. ಬಿಸಿಯಾಗಿದೆ, ರುಚಿಯಾಗಿದೆ. ಹೊರಗೆ ಚಳಿ.

ಇವತ್ತಿನ ತರಗತಿಯಲ್ಲಿ ಮೇಡಂ ನೆನಪಿಸಿದರು: ವಿಶ್ವಸಂಸ್ಥೆ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿದ್ದು 1989ರ ಇದೇ ನವೆಂಬರ್ 20ರಂದು. ಅದರ 31ನೆಯ ವಿಧಿಯಲ್ಲಿ ಆಟದ ಹಕ್ಕಿನ ಜೊತೆಗೇ ವಿಶ್ರಾಂತಿಯ, ಬಿಡುವಿನ ಹಕ್ಕೂ ಇದೆ. ಬೆಳಿಗ್ಗೆ ಅದನ್ನು ಬರೆದುಕೊಂಡೆ. ಮಧ್ಯಾಹ್ನ ಆ ತಾಯಿಯ ಮುಖ ನೋಡಿದೆ.

ಅಪ್ಪನ ಕಡೆಯ ನೆಂಟರು ಪ್ರತಿ ಹಬ್ಬಕ್ಕೂ “ಮಕ್ಕಳನ್ನ ಸಾಕೋದು ಕಲಿಯೋಕೂ ಡಿಗ್ರಿ ಬೇಕಾ?” ಎಂದು ಕೇಳುತ್ತಾರೆ. ದೀಪಾವಳಿಯಲ್ಲಿ ನಾನು ಕೊಟ್ಟ ಉತ್ತರ, ಸಾಕುವುದನ್ನಲ್ಲ, ನೋಡುವುದನ್ನು ಕಲಿಯುತ್ತಿದ್ದೇನೆ ಎಂಬುದು. ಆ ಉತ್ತರವನ್ನು ನಾನು ಈಗಲೂ ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಅರವತ್ತು ನಿಮಿಷ ನೋಡಿದವಳು ಮೂರು ವರ್ಷ ಎಂಟು ತಿಂಗಳು ನೋಡಿದವರಿಗೆ ಅವರ ಮಗುವಿನ ಬಗ್ಗೆ ಏನು ಹೇಳಬಹುದು, ಎಷ್ಟು ಹೇಳಬಹುದು ಎಂಬುದನ್ನು ನನಗೆ ಯಾವ ಪಾಠವೂ ಇನ್ನೂ ಕಲಿಸಿಲ್ಲ.

ಶನಿವಾರ ರೆಕಾರ್ಡಿಗೆ ಸಹಿ ಆಗಬೇಕು. ಹಳೆಯ ಗುರುತುಗಳನ್ನು ಅಳಿಸುವುದಿಲ್ಲ. ಆ ನಿಮಿಷಗಳಲ್ಲಿ ನಾನು ಕಂಡದ್ದು ಅದೇ. ಕೆಳಗೆ ಇನ್ನೊಂದು ಪುಟ ಅಂಟಿಸಿ, ತಾಯಿ ಹೇಳಿದ್ದನ್ನೂ ಆಯಮ್ಮ ಹೇಳಿದ್ದನ್ನೂ ಅವರವರ ಮಾತಿನಲ್ಲೇ ಬರೆಯುತ್ತೇನೆ. ಭಾನುವಾರ ನಿಮ್ಮ ಮನೆಗೆ ಬರಬಹುದೇ ಅಕ್ಕಾ ಎಂದು ಕೇಳಿದ್ದೆ. ಗೇಟಿನ ತನಕ ಹೋದವರು ತಿರುಗಿ ನಿಂತು “ಬರ್ರಿ ಅಕ್ಕೋರ, ಚಾ ಕುಡಿಯಾಕ ಬರ್ರಿ” ಎಂದರು. ಕೋಪವಿರಲಿಲ್ಲ. ಹೋಗುತ್ತೇನೆ, ಹಾಳೆ ಪೆನ್ನು ಒಯ್ಯುವುದಿಲ್ಲ. ಆದರೂ ನಾನು ಒಳಗೆ ಕಾಲಿಟ್ಟ ಕೂಡಲೇ ಅವಳು ಲೋಟಗಳನ್ನು ಬಿಟ್ಟು, ಗೋಡೆಗೆ ಒರಗಿ, ಮಾತಿಲ್ಲದೆ ನನ್ನನ್ನೇ ನೋಡುತ್ತಾ ಕೂತರೆ, ಆಗ ನಾನು