ಕರಿ ಪಟ್ಟಿ ಕೊನೆಗೂ ನಿಂತಿತು

ಹಳೇ ಪಿಕ್ಚರ್ ಟ್ಯೂಬ್ ಟಿವಿಯನ್ನು ಫೋನಿನಲ್ಲಿ ಶೂಟ್ ಮಾಡಿದಾಗ ಉರುಳುತ್ತಿದ್ದ ಕರಿ ಪಟ್ಟಿ ನಿನ್ನೆ ರಾತ್ರಿ ನಿಂತಿತು! ಖುಷಿಗೆ ನಿದ್ದೆ ಬರಲಿಲ್ಲ.

ನನ್ನ ಹಾಡು ಮುಗಿದಿದೆ. ಬೇಸ್, ಡ್ರಮ್, ಪ್ಯಾಡ್ ಎಲ್ಲ ಮಿಕ್ಸ್ ಆಗಿದೆ. ತಲೆ ತಿಂದಿದ್ದು ಅದರ ವಿಡಿಯೊ. ಈ ಸಿಂತ್ ಪಾಪ್ (ಸಿಂಥಸೈಜರ್ ಮೆಷಿನಿನಲ್ಲಿ ಮಾಡುವ ಪಾಪ್) ಹುಚ್ಚು ನನಗೆ ಹತ್ತಿದ್ದೇ ವಿಡಿಯೊಗಳಿಂದ. ನಿರ್ದೇಶಕ ಆಂಟನ್ ಕಾರ್ಬೈನ್ 1986ರಿಂದ ಇಂಗ್ಲೆಂಡಿನ ಡೆಪೆಷ್ ಮೋಡ್ ಬ್ಯಾಂಡಿಗೆ ಮಾಡಿಕೊಟ್ಟ ವಿಡಿಯೊಗಳನ್ನು ನೋಡಿ. ಅದರಲ್ಲಿ ಎಷ್ಟೋ ಸೂಪರ್ 8 ಅನ್ನೋ ಹಳೇ ಪುಟ್ಟ ಫಿಲ್ಮಿನವು. ಕಪ್ಪು ಬಿಳುಪು, ಚಿತ್ರವೆಲ್ಲ ಕಾಳು ಕಾಳು. ಮೆಷಿನ್ ಸಂಗೀತಕ್ಕೆ ಆ ಒರಟುತನವೇ ಸರಿ, ಫೋನಿನ ನುಣುಪು ಹೊಂದುವುದಿಲ್ಲ. ಬಳ್ಳಾರಿಯಲ್ಲಿ ಸೂಪರ್ 8 ಎಲ್ಲಿ ಸಿಗಬೇಕು? ಕೌಲ್ ಬಜಾರಿನ ಗುಜರಿ ಅಂಗಡಿಯಿಂದ ಹಳೇ ಟಿವಿ ತಂದೆ. ಶೂಟ್ ಮಾಡಿದ್ದನ್ನು ಅದರಲ್ಲಿ ಓಡಿಸಿ, ಪರದೆಯನ್ನೇ ಮತ್ತೆ ಫೋನಿನಲ್ಲಿ ಹಿಡಿಯುವ ಯೋಚನೆ.

ಪಾಲ್ ಸಿಗ್ನಲ್ (ನಮ್ಮ ದೇಶದ ಹಳೇ ಟಿವಿ ಪದ್ಧತಿ) ಅಂದ್ರೆ ಪರದೆ ಸೆಕೆಂಡಿಗೆ 50 ಸಲ ಮೇಲಿಂದ ಕೆಳಗೆ ಬೆಳಗುತ್ತದೆ. ಫೋನ್ 30 ಫ್ರೇಮಿನಲ್ಲಿದ್ದರೆ ಲೆಕ್ಕ ಕೂಡುವುದಿಲ್ಲ, ಪಟ್ಟಿ ಓಡುತ್ತದೆ. 25 ಫ್ರೇಮ್, ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡ್ ಇಟ್ಟರೆ ನಿಲ್ಲಬೇಕು. ಇಟ್ಟೆ. ಓಡುತ್ತಲೇ ಇತ್ತು. ಕ್ಯಾಮೆರಾ ಆಪ್ ಬದಲಿಸಿದೆ. ಶಟರ್ 1/25ಕ್ಕೆ ಇಳಿಸಿದೆ. ಪಟ್ಟಿ ಮಸುಕಾಯಿತು, ನಿಲ್ಲಲಿಲ್ಲ.

ಅಮ್ಮನ ಸೀರಿಯಲ್ ಮುಗಿಯುವ ತನಕ ಕಾದು, ಹಾಲ್‌ನ ಸೆಟ್ ಟಾಪ್ ಬಾಕ್ಸ್ ಬಿಚ್ಚಿ ತಂದು ಈ ಟಿವಿಗೆ ಸಿಕ್ಕಿಸಿದೆ. ಅದು ಕೊಡೋದು ಪಾಲ್ ಸಿಗ್ನಲ್ಲೇ. ಪಟ್ಟಿ ಕದಲಲಿಲ್ಲ! ಅಂದ್ರೆ ಟಿವಿ ಸರಿ, ಫೋನ್ ಸರಿ. ಕಳ್ಳ ಇದ್ದದ್ದು ಲ್ಯಾಪ್‌ಟಾಪಿಗೂ ಟಿವಿಗೂ ನಡುವಿನ ಎಚ್‌ಡಿಎಂಐ ಟು ಎವಿ ಡಬ್ಬಿಯಲ್ಲಿ, ಅಂದ್ರೆ ಲ್ಯಾಪ್‌ಟಾಪಿನ ಚಿತ್ರವನ್ನು ಹಳೇ ಟಿವಿ ಸಿಗ್ನಲ್ ಮಾಡುವ ಡಬ್ಬಿಯಲ್ಲಿ.

ಆ ಡಬ್ಬಿಯ ಪಕ್ಕದಲ್ಲಿ ಪಾಲ್, ಎನ್‌ಟಿಎಸ್‌ಸಿ (ಅಮೆರಿಕದ ಪದ್ಧತಿ, ಸೆಕೆಂಡಿಗೆ 60 ಸಲ) ಅಂತ ಪುಟ್ಟ ಸ್ವಿಚ್ ಇದೆ. ಪಾಲ್ ಕಡೆಗೇ ಇತ್ತು. ಸ್ಕ್ರೂ ಬಿಚ್ಚಿ ನೋಡಿದರೆ ಸ್ವಿಚ್ಚಿನ ನಡುವಿನ ಕಾಲಿಗೆ ಬೆಸುಗೆಯೇ ಇಲ್ಲ, ಬೋರ್ಡಿನ ತೂತಿನಲ್ಲಿ ಸುಮ್ನೆ ನಿಂತಿದೆ. ಎತ್ತ ತಳ್ಳಿದರೂ ಹೊರಗೆ ಬರುತ್ತಿದ್ದದ್ದು 60ರ ಎನ್‌ಟಿಎಸ್‌ಸಿ. ಟಿವಿ ಎರಡನ್ನೂ ತಾನೇ ಗುರುತಿಸಿ ತೋರಿಸುತ್ತದೆ, ಹಾಗಾಗಿ ಬಣ್ಣದಲ್ಲೂ ಸುಳಿವು ಸಿಗಲಿಲ್ಲ. ಮಾರಿದವರಿಗೆ ಫೋಟೊ ಕಳಿಸಿದೆ. ಬಿಚ್ಚಿದ ಮಾಲು ವಾಪಸ್ ಇಲ್ಲ ಅಂದರು. ಬಿಚ್ಚದೆ ಒಳಗಿನ ಬೆಸುಗೆ ನೋಡೋದು ಹೇಗೆ ಸ್ವಾಮಿ? ನಿಜಕ್ಕೂ ಸಿಟ್ಟು ಬಂತು. ಒಂದು ಹನಿ ಲೆಡ್ ಹಾಕಿದೆ, ಸರಿಹೋಯಿತು.

ಕೂದಲೆಳೆಯಷ್ಟು ಗೆರೆಯೊಂದು ಇನ್ನೂ ನಿಧಾನಕ್ಕೆ ಏರುತ್ತಿತ್ತು. ಫೋನಿನ 25 ಕರಾರುವಾಕ್ಕಾಗಿ 25 ಅಲ್ಲವಲ್ಲ. 1/50ರಲ್ಲಿದ್ದ ಶಟರನ್ನು ಮತ್ತೆ 1/25 ಮಾಡಿದೆ, ಅದೂ ಕರಗಿತು. ಜತೆಗೆ ಕೈ ಆಡಿಸಿದರೆ ಬೆಳಕು ಬಾಲದ ಹಾಗೆ ಎಳೆಯುತ್ತದೆ. ಕತ್ತಲೆಯ ಹಾಡಿಗೆ ಇದಕ್ಕಿಂತ ಏನು ಬೇಕು? ಟಿವಿಯ ಬ್ರೈಟ್‌ನೆಸ್ ಮಾತ್ರ ಚೆನ್ನಾಗಿ ಇಳಿಸಿ, ಇಲ್ಲದಿದ್ದರೆ ಕಪ್ಪು ಬಣ್ಣ ಬೂದು ಆಗುತ್ತದೆ.

ಮುಂದಿನದು ಈಗಲೇ ತಲೆಯಲ್ಲಿ ಓಡುತ್ತಿದೆ. ಹ್ಯೂಮನ್ ಲೀಗ್, ಕ್ಯಾಬರೆ ವೋಲ್ಟೇರ್ ಎರಡೂ ಬ್ಯಾಂಡ್ ಇಂಗ್ಲೆಂಡಿನ ಶೆಫೀಲ್ಡಿನವು, ಉಕ್ಕಿನ ಊರು. ನಮಗೂ ಉಕ್ಕಿನ ಕಾರ್ಖಾನೆಯ ತೋರಣಗಲ್ಲು ಇದೆ, ಅಲ್ವಾ? ರಾತ್ರಿ ರಸ್ತೆಯಿಂದ ಅದರ ಬೆಳಕನ್ನು ಶೂಟ್ ಮಾಡಬೇಕು. ತಾಳಕ್ಕೆ ಮಾವನ ಜೀನ್ಸ್ ಹೊಲಿಯುವ ಯೂನಿಟ್. 1982ರಲ್ಲೇ ಮುಂಬೈನ ಸಂಗೀತಗಾರ ಚರಣ್‌ಜಿತ್ ಸಿಂಗ್ 808 ಡ್ರಮ್ ಮೆಷಿನ್ ತಾಳಕ್ಕೆ ಸಿಂತ್‌ನಲ್ಲಿ ರಾಗ ನುಡಿಸಿದರು. ನನಗೆ ಬೇಕಿರೋದು ಬಾರ್‌ಟ್ಯಾಕ್ ಮೆಷಿನ್ ಸದ್ದು, ಜೇಬಿನ ಮೂಲೆಗೆ ಟರ್‌ರ್ ಅಂತ ಹೊಲಿದು ಗಕ್ಕನೆ ನಿಲ್ಲುತ್ತದಲ್ಲ, ಅದು. ಮಾವ ಭಾನುವಾರ ಉಳಿದ ಮೆಷಿನ್ ನಿಲ್ಲಿಸಿ ಅದೊಂದನ್ನೇ ಓಡಿಸಿಕೊಡ್ತೀನಿ ಅಂದಿದ್ದಾರೆ.