ಎಷ್ಟು ದೂರ ಹಿಡಿಯುತ್ತದೆ ಎಂದು ಕೇಳುವವರಿಗೆ

ದಾವಣಗೆರೆಯಲ್ಲಿ ಕ್ಯಾಮೆರಾ ಹಿಡಿದು ಓಡಾಡುವವನಿಗೆ ಎದುರಾಗುವ ಪ್ರಶ್ನೆ ಒಂದೇ: ‘ಇದು ಎಷ್ಟು ದೂರ ಹಿಡೀತತ್ರೀ?’ ಕುಂದವಾಡ ಕೆರೆಗೆ ಬೆಳಿಗ್ಗೆ ವಾಕಿಂಗ್ ಬರುವವರು, ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕುಳಿತವರು, ಚಿತ್ರದುರ್ಗದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟ ಸಲುಗೆಯಿಂದ ಮಾತು ತೆಗೆದವರು, ಎಲ್ಲರೂ ಇದನ್ನೇ ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿರುವುದರಿಂದ ಬರೆದಿಡುತ್ತಿದ್ದೇನೆ.

ನೇರ ಉತ್ತರ: 3,84,400 ಕಿಲೋಮೀಟರ್. ಭೂಮಿಯಿಂದ ಚಂದ್ರನಿಗಿರುವ ಸರಾಸರಿ ದೂರ ಅಷ್ಟು, ಮತ್ತು ನನ್ನ ಜೇಬಿನ ಕ್ಯಾಮೆರಾದಲ್ಲಿ ಚಂದ್ರ ಬರುತ್ತಾನೆ. ಸಾಲದು ಎನ್ನುವವರಿಗೆ ನಕ್ಷತ್ರಗಳೂ ಇವೆ, ಅವುಗಳ ಲೆಕ್ಕವನ್ನು ನೀವೇ ಹಾಕಿಕೊಳ್ಳಿ. ಬೆಳಕು ಬಂದು ತಲುಪುವ ಯಾವುದನ್ನಾದರೂ ಕ್ಯಾಮೆರಾ ಹಿಡಿಯುತ್ತದೆ; ಇಷ್ಟು ಮಾರಿಗೆ ಇದರ ಶಕ್ತಿ ಮುಗಿಯಿತು ಎನ್ನಲು ಇದೇನು ಬ್ಯಾಟರಿ ಲೈಟಲ್ಲ. ನೀವು ತಿಳಿಯಬೇಕಾದದ್ದು ಎಷ್ಟು ದೂರ ಎಂಬುದನ್ನಲ್ಲ, ಇಷ್ಟು ದೂರದಲ್ಲಿರುವ ಇಷ್ಟು ಗಾತ್ರದ ವಸ್ತು ಚಿತ್ರದಲ್ಲಿ ಎಷ್ಟು ದೊಡ್ಡದಾಗಿ ಬರುತ್ತದೆ ಎಂಬುದನ್ನು.

ಇಷ್ಟು ಹೇಳಿದಾಗ ಕೇಳಿದವರ ಮುಖ ಸಪ್ಪಗಾಗುತ್ತದೆ, ಆಮೇಲೆ ಎರಡನೆಯ ಪ್ರಶ್ನೆ ಬರುತ್ತದೆ: ‘ಅದಲ್ರೀ, ಎಷ್ಟು ಎಕ್ಸ್ ಐತಿ?’ ನನ್ನದು 30 ಎಕ್ಸ್. ಹಾಗೆಂದರೆ ಲೆನ್ಸಿನ ಉದ್ದದ ತುದಿಯನ್ನು (ಪೂರ್ತಿ ಜೂಮ್ ಮಾಡಿದಾಗಿನ ಮಿ.ಮೀ. ಅಂಕಿ) ಅಗಲದ ತುದಿಯಿಂದ (ಜೂಮ್ ಮಾಡದಿದ್ದಾಗಿನ ಅಂಕಿ) ಭಾಗಿಸಿದಾಗ 30 ಬರುತ್ತದೆ, ಅಷ್ಟೆ: ಒಂದು ತುದಿ 24 ಮಿ.ಮೀ., ಇನ್ನೊಂದು 720 ಮಿ.ಮೀ. ಇವು ಫುಲ್ ಫ್ರೇಮ್ ಕ್ಯಾಮೆರಾಕ್ಕೆ, ಅಂದರೆ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಚಿಪ್) ಹಳೆಯ ಫಿಲ್ಮಿನಷ್ಟೇ ದೊಡ್ಡದಿರುವ ಕ್ಯಾಮೆರಾಕ್ಕೆ, ಹೊಂದಿಸಿ ಹೇಳುವ ಅಂಕಿಗಳೇ ಹೊರತು ನನ್ನ ಲೆನ್ಸಿನ ನಿಜವಾದ ಅಳತೆಗಳಲ್ಲ. ಎಕ್ಸ್ ಎಂಬುದು ಅನುಪಾತವೇ ಹೊರತು ದೂರವಲ್ಲ. ಹಕ್ಕಿಗಳ ಹಿಂದೆ ಬಿದ್ದ ಡಿಎಸ್ಎಲ್ಆರ್ ಮಂದಿ ಹೊತ್ತು ತಿರುಗುವ, ಸುಮಾರು ಎರಡು ಕಿಲೋ ತೂಗುವ 150–600 ಮಿ.ಮೀ. ಲೆನ್ಸ್ ಲೆಕ್ಕದ ಪ್ರಕಾರ ಬರೀ 4 ಎಕ್ಸ್. ಆದರೆ ಅದರ ಮುಂದೆ ನಿಂತು ‘ನಾಕೇನಾ?’ ಎಂದು ಮೂಗು ಮುರಿದವರನ್ನು ನಾನು ಕಂಡಿಲ್ಲ. ಮೂಗು ಮುರಿಯುವುದೆಲ್ಲ ನನ್ನ 30ರ ಮುಂದೆ, ಏಕೆಂದರೆ ಕೇಳುವವರ ಫೋನಿನ ಮೇಲೆ 100 ಎಂದು ಬರೆದಿರುತ್ತದೆ. ಫೋನಿನ ಆ 100ರಲ್ಲಿ ಬಹುಪಾಲು ಗಾಜಿನ ಕೆಲಸವಲ್ಲ, ಚಿತ್ರದ ನಡುವಿನ ತುಂಡನ್ನು ಕತ್ತರಿಸಿ ಹಿಗ್ಗಿಸಿ, ಇಲ್ಲದ್ದನ್ನು ಊಹಿಸಿ ತುಂಬುವ ಕೆಲಸ. ಕ್ಯಾಮೆರಾಗಳಲ್ಲಿಯೂ ಡಿಜಿಟಲ್ ಜೂಮ್ ಎಂಬ ಹೆಸರಿನಲ್ಲಿ ಇದೇ ಆಟ ಇರುತ್ತದೆ. ಹೊಸದನ್ನು ತಂದವರು ಮೊದಲು ಮೆನುವಿಗೆ ಹೋಗಿ ಅದನ್ನು ಆಫ್ ಮಾಡಬೇಕು.

ಈಗ ಕೆರೆಯ ವಿಷಯ. ನನಗೆ ದಿನವೂ ಸಿಗುವ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಡಾಕ್ಟರು ಬೀಡಿ ಬಿಡಿಸಿದ ತಮ್ಮ ಜೊತೆಗಾರರು, ಕೆರೆಯನ್ನು ಪೂರ್ತಿ ಸುತ್ತಿ ಬರುತ್ತೇನೆಂದು ಹೇಳಿ ಹೋಗಿ ಆಚೆ ದಡದ ಬೆಂಚಿನ ಮೇಲೆ ಕುಳಿತು ಬೀಡಿ ಹಚ್ಚುತ್ತಾರೆಂಬುದು ಅವರ ಗುಮಾನಿ. ಒಂದು ಬೆಳಿಗ್ಗೆ ನನ್ನನ್ನು ನಿಲ್ಲಿಸಿ, ‘ತಮ್ಮಾ, ನಿಂದು ದೂರ ಹಿಡೀತತಲ್ಲ, ಅಲ್ಲಿ ಕುಂತಾನಲ್ಲ, ಅವನ ಬಾಯಾಗೆ ಬೀಡಿ ಐತಾ ನೋಡು’ ಎಂದರು. ಬೇಡವೆಂದರೂ ಬಿಡಲಿಲ್ಲ. ಪೂರ್ತಿ ಜೂಮ್ ಮಾಡಿ ತೆಗೆದು ತೋರಿಸಿದೆ. ಪರದೆಯ ಮೇಲೆ ಒಂದು ಮಂಕಿ ಟೋಪಿ, ಒಂದು ಸ್ವೆಟರ್, ಬಾಯಿಯ ಜಾಗದಲ್ಲಿ ಬಿಳುಪಾದದ್ದು ಏನೋ ಒಂದು. ಅದು ಬೀಡಿಯೂ ಆಗಬಹುದು, ಮೀಸೆಯೂ ಆಗಬಹುದು. ಮೇಷ್ಟ್ರು ಕನ್ನಡಕ ಏರಿಸಿ ಇಳಿಸಿ ನೋಡಿ, ‘ಅಷ್ಟು ರೊಕ್ಕ ಕೊಟ್ಟು ಇದನ್ನ ತಗಂಡ್ಯಾ?’ ಎಂದು ನಡೆದುಬಿಟ್ಟರು.

ಮೇಷ್ಟ್ರು ಲೆಕ್ಕ ಕಲಿಸಿದವರಾದ್ದರಿಂದ ಅವರಿಗೆ ಲೆಕ್ಕದಲ್ಲೇ ಉತ್ತರ ಕೊಡಬೇಕಿತ್ತು. 720 ಮಿ.ಮೀ.ನಲ್ಲಿ ಫ್ರೇಮಿನ ಅಗಲ ದೂರದ ಸುಮಾರು ಇಪ್ಪತ್ತರಲ್ಲಿ ಒಂದು ಭಾಗ. ಆಚೆ ದಡ 400 ಮೀಟರ್ ಎಂದಿಟ್ಟುಕೊಂಡರೆ ಫ್ರೇಮಿನೊಳಗೆ 20 ಮೀಟರ್ ಅಗಲದ ದಡ ಬರುತ್ತದೆ, ಎದ್ದು ನಿಂತ ಮನುಷ್ಯನೂ ಅದರ ಎತ್ತರದಲ್ಲಿ ಎಂಟನೇ ಒಂದು ಭಾಗಕ್ಕಿಂತ ಹೆಚ್ಚು ತುಂಬುವುದಿಲ್ಲ. 18 ಮೆಗಾಪಿಕ್ಸೆಲ್ ಚಿತ್ರದಲ್ಲಿ ಮುಖಕ್ಕೆ ಸಿಗುವುದು ಮೇಲಿನಿಂದ ಕೆಳಗೆ ಸುಮಾರು 60 ಪಿಕ್ಸೆಲ್, ಬೀಡಿಯ ದಪ್ಪಕ್ಕೆ ಎರಡು. ಎರಡು ಪಿಕ್ಸೆಲ್‌ಗಳ ಸಾಕ್ಷಿಯ ಮೇಲೆ ಯಾರನ್ನೂ ಶಿಕ್ಷಿಸಲಾಗದು. ಅದರ ಮೇಲೆ ನಡುವೆ 400 ಮೀಟರ್ ಗಾಳಿಯೂ ಇದೆ. ಬಿಸಿಲೇರಿದ ಮೇಲೆ ನೆಲದಿಂದೇಳುವ ಬಿಸಿ ಗಾಳಿ ಬೆಳಕನ್ನು ಅಲುಗಾಡಿಸುತ್ತದೆ. ಏಪ್ರಿಲ್ ಮಧ್ಯಾಹ್ನ ಹೆದ್ದಾರಿಯಲ್ಲಿ ನಿಂತು ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳಿಗೆ ಜೂಮ್ ಮಾಡಿ ನೋಡಿ, ಕಂಬಗಳೇ ನುಲಿಯುತ್ತಿರುತ್ತವೆ. ಎಷ್ಟು ಲಕ್ಷದ ಲೆನ್ಸಾದರೂ ಅದನ್ನು ಸರಿಪಡಿಸಲಾರದು.

ಸಿಟ್ಟು ಬರುವುದು ಲೆಕ್ಕಕ್ಕಲ್ಲ. ‘ಎಷ್ಟು ದೂರ’ ಎಂದು ಕೇಳುವವರಲ್ಲಿ ಬಹಳ ಮಂದಿಗೆ ಬೇಕಾದದ್ದು ಆಚೆ ದಡದ ಬೀಡಿ, ಎದುರು ಮನೆಯ ತಾರಸಿ, ಇನ್ನೊಬ್ಬರ ಕಿಟಕಿ. ಅದಕ್ಕೆ ಈ ಕ್ಯಾಮೆರಾ ಒದಗುವುದಿಲ್ಲ, ಒದಗಿದರೂ ನಾನು ಕೊಡುವುದಿಲ್ಲ.

ನನ್ನನ್ನು ಕೇಳಬಹುದಾಗಿದ್ದ, ಯಾರೂ ಕೇಳದ ಪ್ರಶ್ನೆ ಬೇರೆ: ಅಷ್ಟು ಜೂಮ್ ಮಾಡಿದ ಮೇಲೆ ಹಕ್ಕಿಯನ್ನು ಹುಡುಕುವುದು ಹೇಗೆ? ಹೊಸದಾಗಿ ಸೂಪರ್‌ಜೂಮ್ ಕೊಂಡವರು ಮೊದಲ ವಾರದಲ್ಲೇ ಎಡವುವುದು ಇಲ್ಲಿ. 20 ಮೀಟರ್ ಆಚೆಯ ತಂತಿಯ ಮೇಲೆ ಕಳ್ಳಿಪೀರ ಕುಳಿತಿದೆ ಎನ್ನಿ. ಆ ದೂರಕ್ಕೆ ನನ್ನ ಫ್ರೇಮಿನ ಅಗಲ ಒಂದೇ ಮೀಟರ್. ಕೈ ಒಂದೆರಡು ಡಿಗ್ರಿ ವಾಲಿದರೆ ಹಕ್ಕಿ ಮಾಯ, ಉಳಿಯುವುದು ಬರೀ ಆಕಾಶ, ಆಕಾಶದಲ್ಲಿ ಎಡ ಯಾವುದು ಬಲ ಯಾವುದು ಎಂದು ತಿಳಿಯುವುದಿಲ್ಲ. ಆದ್ದರಿಂದ ಅಗಲದ ತುದಿಯಲ್ಲೇ ಹಕ್ಕಿಯನ್ನು ಫ್ರೇಮಿನ ನಟ್ಟನಡುವೆ ಇಟ್ಟುಕೊಂಡು, ಪಕ್ಕದಲ್ಲಿ ಕಂಬದ ಪಿಂಗಾಣಿಯನ್ನೋ ಮುರಿದ ಟೊಂಗೆಯನ್ನೋ ಗುರುತಿಟ್ಟುಕೊಂಡು, ಆಮೇಲೆ ಸನ್ನೆಯನ್ನು ಮೆಲ್ಲಗೆ ತಳ್ಳುತ್ತ ಒಳಕ್ಕೆ ಹೋಗಬೇಕು. ತಪ್ಪಿಹೋದರೆ ಕ್ಯಾಮೆರಾವನ್ನು ಅತ್ತಿತ್ತ ಬೀಸದೆ ಜೂಮನ್ನು ಹಿಂದಕ್ಕೆ ಎಳೆದು ಮತ್ತೆ ಮೊದಲಿನಿಂದ ಬರಬೇಕು. ಒತ್ತಿ ಹಿಡಿದರೆ ನೋಟ ಅಗಲವಾಗಿ, ಬಿಟ್ಟರೆ ಮೊದಲಿದ್ದ ಜೂಮಿಗೇ ಮರಳುವ ಬಟನ್ ಕೆಲವು ಮಾದರಿಗಳಲ್ಲಿರುತ್ತದೆ. ಕೊಳ್ಳುವಾಗ ಅದು ಇದೆಯೇ ಎಂದು ಕೇಳುವುದು ಎಕ್ಸ್ ಎಷ್ಟೆಂದು ಕೇಳುವುದಕ್ಕಿಂತ ಲಾಭದ ಮಾತು.

ಕಳ್ಳಿಪೀರದ ಹೆಸರನ್ನು ಸುಮ್ಮನೆ ಎತ್ತಲಿಲ್ಲ. ಅದು ತಂತಿಯಿಂದ ಹಾರಿ ಜೇನ್ನೊಣವನ್ನೋ ಏರೋಪ್ಲೇನ್ ಚಿಟ್ಟೆಯನ್ನೋ ಹಿಡಿದು, ಹೆಚ್ಚಿನ ಸಲ ಕುಳಿತಿದ್ದ ಜಾಗಕ್ಕೇ ಮರಳಿ ಬಂದು ಬೇಟೆಯನ್ನು ಬಡಿಯುತ್ತದೆ. ಹಾರಿಹೋದದ್ದನ್ನು ಬೆನ್ನಟ್ಟುವುದು ಜೇಬಿನ ಕ್ಯಾಮೆರಾದ ಫೋಕಸ್‌ಗೆ ಆಗದ ಕೆಲಸ. ಖಾಲಿ ತಂತಿಗೇ ಗುರಿ ಹಿಡಿದು ಕಾದರೆ ಹಕ್ಕಿ ತಾನೇ ಫ್ರೇಮಿನೊಳಕ್ಕೆ ಇಳಿಯುತ್ತದೆ. ಕಲಿಯಲು ಇದಕ್ಕಿಂತ ಒಳ್ಳೆಯ ಹಕ್ಕಿ ನಮ್ಮ ಸೀಮೆಯಲ್ಲಿಲ್ಲ. ಬಳ್ಳಾರಿ ಜಾಲಿಯೊಳಗೆ ಕುಳಿತ ಹಕ್ಕಿಗಳು ಮಾತ್ರ ಗೋಳು ಹೊಯ್ದುಕೊಳ್ಳುತ್ತವೆ, ಏಕೆಂದರೆ ಕ್ಯಾಮೆರಾ ಹಕ್ಕಿಯನ್ನು ಬಿಟ್ಟು ಮುಂದಿನ ಮುಳ್ಳುಕಡ್ಡಿಗೆ ಫೋಕಸ್ ಮಾಡಿ, ಸರಿಯಾಯಿತೆಂದು ಹಸಿರು ಚೌಕ ತೋರಿಸಿಬಿಡುತ್ತದೆ. ಫೋಕಸ್ ಚೌಕವನ್ನು ಅತಿ ಚಿಕ್ಕ ಗಾತ್ರಕ್ಕೆ ಇಳಿಸಿ ಹಕ್ಕಿಯ ಎದೆಯ ಮೇಲೆ ಕೂರಿಸುವುದೊಂದೇ ಇದಕ್ಕೆ ದಾರಿ. ಕೊಂಡಜ್ಜಿ ಕೆರೆಯ ಬೆಳ್ಳಕ್ಕಿಗೆ ಎಕ್ಸ್‌ಪೋಷರನ್ನು ಮೈನಸ್ 0.7ಕ್ಕೆ ಇಳಿಸಿ ಚಿತ್ರವನ್ನು ಕೊಂಚ ಕಪ್ಪಾಗಿಸಬೇಕು, ಇಲ್ಲವಾದರೆ ಗರಿಗಳೆಲ್ಲ ಕಲಸಿ ಸುಣ್ಣದ ಮುದ್ದೆಯಾಗುತ್ತವೆ. ಬಿಳಿ ಮೋಡದ ಎದುರು ಹಾರುವ ಹದ್ದಿಗೆ ಪ್ಲಸ್ ಒಂದಕ್ಕೆ ಏರಿಸಬೇಕು.

ಚಂದ್ರನ ಬಗ್ಗೆ ಬೇಗ ಮುಗಿಸುತ್ತೇನೆ. ಅವನು ಬಿಸಿಲಿನಲ್ಲಿರುವ ಬಂಡೆ, ಆದ್ದರಿಂದ ರಾತ್ರಿಯ ಮೋಡ್ ಬೇಡ. ಐಎಸ್ಒ (ಬೆಳಕನ್ನು ಹಿಡಿಯುವ ಸೂಕ್ಷ್ಮತೆ) 100, ಶಟರ್ ಸೆಕೆಂಡಿನ 250ನೇ ಒಂದು ಭಾಗದ ಆಸುಪಾಸು, ಟ್ರೈಪಾಡ್, ಎರಡು ಸೆಕೆಂಡಿನ ಟೈಮರ್. 720ರಲ್ಲಿ ಅವನು ಫ್ರೇಮಿನ ಎತ್ತರದ ಕಾಲು ಭಾಗ ಮಾತ್ರ ತುಂಬುತ್ತಾನೆ. ಹುಣ್ಣಿಮೆಗಿಂತ ಅಷ್ಟಮಿಯ ಚಂದ್ರ ಚೆನ್ನ, ನೆರಳಿನ ಅಂಚಿನಲ್ಲಿ ಕುಳಿಗಳು ಎದ್ದು ಕಾಣುತ್ತವೆ. ಅಂದು ಬೆಳಕು ಕಡಿಮೆಯಿರುವುದರಿಂದ ಶಟರನ್ನು ಇನ್ನಷ್ಟು ನಿಧಾನ ಮಾಡಬೇಕಷ್ಟೆ.

ಹಾಗಿದ್ದರೆ 40 ಎಕ್ಸ್ ಬಿಟ್ಟು 30 ಎಕ್ಸ್ ಏಕೆ ಕೊಂಡೆ ಎಂದು ಕೇಳುವ ಬುದ್ಧಿವಂತರೂ ಇದ್ದಾರೆ. 2018ರಲ್ಲಿ ಬಂದ ಎರಡು ಜೇಬಿನ ಕ್ಯಾಮೆರಾಗಳನ್ನು ಎದುರುಬದುರು ಇಟ್ಟು ನೋಡಿ: ಕ್ಯಾನನ್ ಎಸ್ಎಕ್ಸ್740 ಎಚ್ಎಸ್ 960 ಮಿ.ಮೀ.ವರೆಗೆ ಹೋಗುತ್ತದೆ, ಆದರೆ ಅದಕ್ಕೆ ವ್ಯೂಫೈಂಡರ್, ಅಂದರೆ ಕಣ್ಣಿಟ್ಟು ನೋಡುವ ಕಿಂಡಿ, ಇಲ್ಲ; ಸೋನಿ ಎಚ್ಎಕ್ಸ್99 720ಕ್ಕೆ ನಿಲ್ಲುತ್ತದೆ, ಆದರೆ ಅದರ ಮೂಲೆಯಿಂದ ಪುಟ್ಟದೊಂದು ವ್ಯೂಫೈಂಡರ್ ಮೇಲೇಳುತ್ತದೆ. ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ಹಿಂಬದಿಯ ಪರದೆ ನಿಮ್ಮ ಮುಖವನ್ನೇ ನಿಮಗೆ ತೋರಿಸುತ್ತದೆ. ಅದನ್ನು ನೋಡಲು ಕೈ ಚಾಚಿದರೆ ಚಾಚಿದ ಕೈ ನಡುಗುತ್ತದೆ. ಕ್ಯಾಮೆರಾವನ್ನು ಹುಬ್ಬಿಗೆ ಒತ್ತಿ, ಮೊಣಕೈಗಳನ್ನು ಪಕ್ಕೆಗೆ ಆನಿಸಿ ನಿಂತಾಗ ಸಿಗುವ ನಿಲುಗಡೆ ಇನ್ನೊಂದು 10 ಎಕ್ಸ್‌ಗಿಂತ ಹೆಚ್ಚು ಬೆಲೆಯದು ಎಂಬುದು ನನ್ನ ತೀರ್ಮಾನ, ಇದರಲ್ಲಿ ನಾನು ರಾಜಿಯಾಗುವುದಿಲ್ಲ. ಜೇಬಿನ ಹಂಗು ಬೇಡವೆನ್ನುವವರಿಗೆ ಸುಮಾರು 600 ಗ್ರಾಂ ತೂಗುವ ಕ್ಯಾನನ್ ಎಸ್ಎಕ್ಸ್70 ಇದೆ, 1365 ಮಿ.ಮೀ.ವರೆಗೆ, 3000 ಮಿ.ಮೀ. ಮುಟ್ಟುವ ನಿಕಾನ್ ಪಿ1000 ಇದೆ, ಒಂದು ಕಿಲೋ 400 ಗ್ರಾಂ. ಎರಡಕ್ಕೂ ವ್ಯೂಫೈಂಡರ್ ಇದೆ. ಮೇಷ್ಟ್ರ ಬೀಡಿಯ ತನಿಖೆಗೆ ಪಿ1000 ಸರಿಹೋಗುತ್ತಿತ್ತೇನೋ.

ಇವುಗಳಲ್ಲೆಲ್ಲ ಸೆನ್ಸರ್ ಒಂದೇ ಗಾತ್ರದ್ದು, ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ. ವಿಸ್ತೀರ್ಣದಲ್ಲಿ ಫುಲ್ ಫ್ರೇಮ್ ಸೆನ್ಸರಿನ ಮೂವತ್ತರಲ್ಲಿ ಒಂದು ಪಾಲು. ಅಷ್ಟು ಚಿಕ್ಕದಾಗಿರುವುದರಿಂದಲೇ 720 ಮಿ.ಮೀ.ನ ನೋಟ ಜೇಬಿನಲ್ಲಿ ಹಿಡಿಯುತ್ತದೆ, ಅಷ್ಟು ಚಿಕ್ಕದಾಗಿರುವುದರಿಂದಲೇ ಬೆಳಕು ಸಾಲುವುದಿಲ್ಲ. ನನ್ನ ಲೆನ್ಸ್ ಅಗಲದ ತುದಿಯಲ್ಲಿ ಎಫ್ 3.5, ಉದ್ದದ ತುದಿಯಲ್ಲಿ ಎಫ್ 6.4 (ಈ ಅಂಕಿ ಹೆಚ್ಚಿದಷ್ಟೂ ಬೆಳಕಿನ ದಾರಿ ಕಿರಿದು), ಅಂದರೆ ಪೂರ್ತಿ ಜೂಮ್ ಮಾಡಿದಾಗ ಒಳಬರುವ ಬೆಳಕು ಮೂರನೇ ಒಂದು ಪಾಲಿಗೂ ಕಡಿಮೆ. ಆದ್ದರಿಂದ ಕಲ್ಯಾಣ ಮಂಟಪದ ಕೊನೆಯ ಸಾಲಿನಲ್ಲಿ ಕುಳಿತು, ‘ಇಲ್ಲಿಂದಲೇ ಧಾರೆ ತೆಗೆದುಬಿಡಪ್ಪ, ನಿಂದು ದೂರ ಹಿಡೀತತಲ್ಲ’ ಎನ್ನುವ ಸೋದರಮಾವಂದಿರಿಗೆ ನನ್ನ ಉತ್ತರ ಯಾವಾಗಲೂ ‘ಆಗಲ್ಲ ಮಾವ’ ಎಂದೇ. ಅದೇ ಕ್ಯಾಮೆರಾದ 24 ಮಿ.ಮೀ. ತುದಿಯನ್ನು ಮಾತ್ರ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಚಿತ್ರದುರ್ಗದ ಕೋಟೆಯಲ್ಲಿ ಒನಕೆ ಓಬವ್ವನ ಕಿಂಡಿಯ ಮುಂದೆ ನಿಂತು ನೋಡಿ, ಹಿಂದೆ ಸರಿಯಲು ಜಾಗವಿಲ್ಲದಲ್ಲಿ ಬಂಡೆಯೂ ಮನುಷ್ಯನೂ ಒಟ್ಟಿಗೆ ಬರುವುದು ಆ ತುದಿಯಿಂದಲೇ.

ಇನ್ನು ಕೊಳ್ಳುವ ಮಾತು. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ ಮಾರುಕಟ್ಟೆಗೆ ಹೊರಟ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. 2023ರಲ್ಲಿ ಆ ಸಂಖ್ಯೆ 80 ಲಕ್ಷವನ್ನೂ ಮುಟ್ಟಲಿಲ್ಲ. ಫೋನು ನುಂಗಿದ್ದು ಮುಖ್ಯವಾಗಿ ಈ ಜೇಬಿನ ಜಾತಿಯನ್ನೇ. ಹೀಗಾಗಿ ಹೊಸದಕ್ಕಿಂತ ಸೆಕೆಂಡ್ ಹ್ಯಾಂಡ್ ಸಿಗುವುದೇ ಹೆಚ್ಚು, ಅದರಲ್ಲಿ ನೋಡಬೇಕಾದದ್ದು ಧೂಳು. ಜೂಮ್ ಮಾಡಿದಾಗಲೆಲ್ಲ ಲೆನ್ಸಿನ ಕೊಳವೆ ಹೊರಬಂದು ಒಳಹೋಗುವ ರಭಸಕ್ಕೆ ಗಾಳಿಯೂ ಧೂಳೂ ಒಳಗೆ ಎಳೆದುಕೊಳ್ಳುತ್ತವೆ, ನಮ್ಮ ಊರಿನ ರಸ್ತೆಗಳಲ್ಲಿ ಧೂಳಿಗೇನು ಬರವಿಲ್ಲ. ಮಾರುವವರ ಅಂಗಡಿಯಿಂದ ಹೊರಗೆ ಬಂದು, ಪೂರ್ತಿ ಜೂಮಿನಲ್ಲಿ ಬರೀ ಆಕಾಶದ ಎರಡು ಮೂರು ಚಿತ್ರ ತೆಗೆದು ಹಿಗ್ಗಿಸಿ ನೋಡಿ. ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ ಬೂದು ಕಲೆ ಕಂಡರೆ ಧೂಳು ಸೆನ್ಸರಿನ ಮೇಲೆ ಕುಳಿತಿದೆ ಎಂದರ್ಥ. ಲೆನ್ಸ್ ಕಳಚದ ಕ್ಯಾಮೆರಾ ಆದ್ದರಿಂದ ಅದನ್ನು ಒರೆಸಲು ಇಡೀ ಕ್ಯಾಮೆರಾವನ್ನೇ ಬಿಚ್ಚಬೇಕು. ಅಂಥದ್ದನ್ನು ಎಷ್ಟು ಕಡಿಮೆಗೆ ಕೊಟ್ಟರೂ ವಾಪಸ್ಸು ಅವರ ಕೈಗೇ ಇಟ್ಟು ಬನ್ನಿ.